ಕಲೆಯ ಬಗ್ಗೆ ಎರಡು ಮಾತು

ಎಲ್ಲ ಫಜೀತಿಗೂ ಮೂಲ ಒಂದು ತಲೆದಿಂಬು. ಮಾಸ್ತರನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ದಿಂಬನ್ನು ಮಗುಚಿ ಹಾಕಿದ, ಮಡಿಸಿದ, ಗುದ್ದಿದ, ಕೊನೆಗೆ ಬಲಗೈಯನ್ನೇ ಅದರಡಿಗೆ ತೂರಿಸಿ ಕಣ್ಣು ಮುಚ್ಚಿದ. ಬೆಳಿಗ್ಗೆ ಹಲ್ಲುಜ್ಜಲು ಕೈ ಎತ್ತಿದರೆ ಕೈ ಮೇಲೆ ಬರಲೊಲ್ಲದು. ಭುಜ ಹಿಡಿದುಕೊಂಡಿತ್ತು. ಬೇರೆ ದಿನವಾಗಿದ್ದರೆ ಒಂದಿಷ್ಟು ಎಣ್ಣೆ ಸವರಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಆದರೆ ಅಂದು ಮಧ್ಯಾಹ್ನ ಅವನು ರೇಡಿಯೋದಲ್ಲಿ ತನ್ನ ಬ್ಯಾಂಡ್ ನಡೆಸಬೇಕಿತ್ತು, ಬ್ಯಾಂಡ್ ನಡೆಸಲು ಅವನಿಗೆ ಎರಡು ಕೈಯೂ ಬೇಕಿತ್ತು.

ಮಾಸ್ತರ ಎಂದರೆ ಪಾಠ ಹೇಳುವ ಮಾಸ್ತರನಲ್ಲ. ಹೊಟ್ಟೆಪಾಡಿಗೆ ಅವನು ಉಗಿ ಲಾಂಡ್ರಿಯೊಂದರಲ್ಲಿ ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಟವೆಲು ಮೂಟೆ ಮೂಟೆಯಾಗಿ ಬಂದು ಬೀಳುವ ಆ ಶೆಡ್ಡಿನಲ್ಲಿ ಅವನ ವಯಸ್ಸೂ ತಲೆಗೂದಲ ಕಪ್ಪೂ ಒಟ್ಟಿಗೆ ತೊಳೆದು ಹೋಗಿದ್ದವು. ಸಂಗೀತವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನಿಗೆ ಗುರು ಅಂತ ಇದ್ದದ್ದು ಯಂತ್ರವೇ. ಅದರ ಹೊಟ್ಟೆಯೊಳಗೆ ಒದ್ದೆ ಬಟ್ಟೆ ಮೇಲಕ್ಕೆ ಹೋಗಿ ದೊಪ್ಪನೆ ಬೀಳುತ್ತದಲ್ಲ, ಆ ಸದ್ದು ಯಾವ ಎರಡು ಸಲವೂ ಒಂದೇ ಥರ ಇರುವುದಿಲ್ಲ ಎಂಬುದನ್ನು ಅವನು ಹುಡುಗನಾಗಿದ್ದಾಗಲೇ ಕಂಡುಕೊಂಡಿದ್ದ. ಅಂದಿನಿಂದ ಮಿಕ್ಕ ಹಾಡುಗಳೆಲ್ಲ ಅವನಿಗೆ ಸಪ್ಪೆ. "ಇವೆಲ್ಲಾ ಇಸ್ತ್ರಿ ಮಾಡಿಟ್ಟ ಹಾಡುಗಳು. ಒಂದು ಸುಕ್ಕಿಲ್ಲ. ಸುಕ್ಕಿಲ್ಲ ಅಂದ್ರೆ ಯಾರೂ ತೊಟ್ಟಿಲ್ಲ ಅಂತ ಅರ್ಥ" ಎನ್ನುತ್ತಿದ್ದ. ತನ್ನ ಸಂಗೀತದಲ್ಲಿ ಸುಕ್ಕಿರಬೇಕು, ಬೆವರಿರಬೇಕು ಎಂದು ಹಟ ಹಿಡಿದಿದ್ದ. ಆ ಹಟದಲ್ಲಿ ಅವನು ಪೂರ್ತಿ ಗೆದ್ದಿದ್ದ ಎಂಬುದನ್ನು ಅದನ್ನು ಕೇಳಿದ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಬ್ಯಾಂಡಿನವರೂ ಲಾಂಡ್ರಿಯವರೇ. ಇಸ್ತ್ರಿ ಮಾಡುವವನು ತುತ್ತೂರಿ ಊದುತ್ತಿದ್ದ. ಬಾಯ್ಲರಿನವನದು ದೊಡ್ಡ ಡ್ರಮ್ಮು. ಬಟ್ಟೆ ಮಡಿಸುವ ಅಕ್ಕ ಒಂದು ತಗಡಿನ ತೊಟ್ಟಿ, ಉಜ್ಜುವ ಹಲಗೆ, ನಾಲ್ಕಾರು ಕಬ್ಬಿಣದ ಕೊಳವೆಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದಳು. ಇವರಲ್ಲಿ ಯಾರಿಗೂ ಸ್ವರ ಬರೆಯಲು ಬಾರದು, ಓದಲು ಬಾರದು. ಹಾಗಾಗಿ ಮಾಸ್ತರ ಎಲ್ಲರಿಗೂ ಗೊತ್ತಿದ್ದ ಮಾತಿನಲ್ಲೇ ಸಂಗೀತ ಕಟ್ಟಿದ. ನೆನೆಸು ಎಂದರೆ ಎಲ್ಲರೂ ಒಂದೇ ಸ್ವರ ಹಿಡಿದು ಮೆಲ್ಲಗೆ ಕೂರಬೇಕು. ಉಜ್ಜು ಎಂದರೆ ಹಲಗೆಯೂ ತುತ್ತೂರಿಯೂ ಒಂದರ ಮೈಮೇಲೊಂದು ಬೀಳಬೇಕು. ಹಿಂಡು ಎಂದರೆ ಉಸಿರಲ್ಲಿ ಕೊನೇ ಹನಿ ಇರುವವರೆಗೆ ಬಿಡಬಾರದು. ಕುದಿಸು ಎಂದರೆ ಯಾರಿಗೆ ಏನು ತೋಚುತ್ತದೋ ಅದನ್ನು ಇನ್ನೂ ಜೋರಾಗಿ, ಇನ್ನೂ ಜೋರಾಗಿ ನುಡಿಸಬೇಕು. ಕಚೇರಿಯಲ್ಲಿ ಇವನ್ನೆಲ್ಲ ಬಾಯಿಬಿಟ್ಟು ಹೇಳುವುದು ಚೆನ್ನಾಗಿರುವುದಿಲ್ಲವೆಂದು ಒಂದೊಂದಕ್ಕೂ ಒಂದೊಂದು ಕೈಸನ್ನೆ ಮಾಡಿಕೊಂಡಿದ್ದ. ಬಲಗೈ ಮುಷ್ಟಿ ತಿರುಚಿದರೆ ಹಿಂಡು, ಎಡ ಅಂಗೈ ಮೇಲೆತ್ತಿದರೆ ಕುದಿಸು, ಹೀಗೆ.

ಕಚೇರಿಗಳ ಕತೆ ಹೇಳಿದರೆ ಅಳು ಬರುತ್ತದೆ. ಉದ್ಯಾನದಲ್ಲಿ ನುಡಿಸಿದಾಗ ಕಾವಲುಗಾರ ಬಂದು ಯಾರಿಗೆ ಏನಾಯಿತು ಎಂದು ಕೇಳಿದ. ಕ್ಲಬ್ಬಿನಲ್ಲಿ ನುಡಿಸಿದಾಗ ಜನ ಒಬ್ಬೊಬ್ಬರಾಗಿ ಫೋನ್ ಬಂದವರಂತೆ ಎದ್ದು ಹೊರಗೆ ಹೋದರು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಕೊನೆಯ ಏಟಿನವರೆಗೂ ಕೂತಿದ್ದ. ಮಾಸ್ತರ ಓಡಿಹೋಗಿ ಅವನ ಕೈ ಹಿಡಿದುಕೊಂಡರೆ ಆತ, "ಆಯ್ತಾ? ಹಾಗಾದ್ರೆ ಕುರ್ಚಿ ಎತ್ಕೋಬಹುದಾ?" ಎಂದ. ಬಾಡಿಗೆ ಕುರ್ಚಿಯವನು.

ಮನೆಯಲ್ಲೂ ಅದೇ ಪಾಡು. ಹೆಂಡತಿ ಒಳ್ಳೆಯವಳು, ಒಂದು ದಿನವೂ ಗಂಡನ ಸಂಗೀತವನ್ನು ಆಡಿಕೊಂಡವಳಲ್ಲ. ಆದರೆ ಅವನು ತಾಲೀಮು ಶುರುಮಾಡಿದ ತಕ್ಷಣ ಅವಳಿಗೆ ಒಲೆಯ ಮೇಲಿಟ್ಟದ್ದು ನೆನಪಾಗುತ್ತಿತ್ತು, ಇಲ್ಲವೇ ನಲ್ಲಿಯಲ್ಲಿ ನೀರು ಬಂದಿರುತ್ತಿತ್ತು, ಇಲ್ಲವೇ ತಲೆನೋವು. ಒಂದೇ ಒಂದು ಸಲ ಅವಳು ಪೂರ್ತಿ ಕೂತು ಕೇಳಬೇಕು ಎಂಬುದು ಮಾಸ್ತರನ ಆಸೆ. ಊರು ಮೆಚ್ಚದಿದ್ದರೆ ಬೇಡ, ಇವಳೊಬ್ಬಳು ಕೊನೆಯವರೆಗೆ ಕೇಳಿದರೆ ಸಾಕು ಎಂಬ ಮಟ್ಟಕ್ಕೆ ಅವನ ಮಹತ್ವಾಕಾಂಕ್ಷೆ ವರ್ಷ ವರ್ಷಕ್ಕೆ ಒಗೆದ ಬಟ್ಟೆಯಂತೆ ಕುಗ್ಗಿಬಿಟ್ಟಿತ್ತು.

ಹೀಗಿರುವಾಗ ಹಿಂದಿನ ವಾರ ಲಾಂಡ್ರಿಯ ಯಜಮಾನರು ಯಂತ್ರದ ಹತ್ತಿರ ಬಂದು, ಗದ್ದಲದಲ್ಲಿ ಕೇಳಿಸಲೆಂದು ಕಿವಿಯಲ್ಲೇ ಕೂಗಿದರು. "ರೇಡಿಯೋದವರು ಫೋನ್ ಮಾಡಿದ್ರು ಕಣೋ. ಕಲೆಯ ಬಗ್ಗೆ ಕಾರ್ಯಕ್ರಮವಂತೆ. ಅನುಭವ ಇರೋರು ಬೇಕಂತೆ. ನಾನು ನಿನ್ನನ್ನೇ ಹೇಳಿದೆ."

ಮಾಸ್ತರ ಯಂತ್ರ ನಿಲ್ಲಿಸಿದ. "ನನ್ನನ್ನಾ ಯಜಮಾನ್ರೆ?"

"ಇನ್ಯಾರನ್ನ ಹೇಳ್ಲಿ? ಕಲೆ ಅಂದ್ರೆ ನೀನೇ ಅಲ್ವೇನೋ. ಇಷ್ಟು ವರ್ಷದಿಂದ ನಾನೇನು ಕಣ್ಣು ಮುಚ್ಕೊಂಡಿದೀನಾ?"

ಈ ಮನುಷ್ಯನನ್ನು ತಾನು ಇಷ್ಟು ದಿನ ಬರೀ ಸಾಬೂನಿನ ಲೆಕ್ಕ ಕೇಳುವವನೆಂದು ಎಣಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. "ನಮ್ಮ ಜೊತೆಯವರನ್ನೂ ಕರ್ಕೊಂಡು ಹೋಗ್ಲಾ? ಸಾಮಾನೂ ಒಂದಿಷ್ಟಿದೆ" ಎಂದ.

"ಕರ್ಕೊಂಡು ಹೋಗು, ವ್ಯಾನ್ ಕೊಡ್ತೀನಿ. ಕಲೆ ಏನು ಒಬ್ಬನ ಕೈಯಲ್ಲಿ ಆಗೋ ಕೆಲಸವಾ? ಲಾಂಡ್ರಿ ಹೆಸರು ಹೇಳೋದು ಮಾತ್ರ ಮರೀಬೇಡ" ಎಂದು ಯಜಮಾನರು ಬೆನ್ನು ತಟ್ಟಿ ಹೋದರು.

ಸುದ್ದಿ ವಠಾರಕ್ಕೆ ಮುಟ್ಟಿದ್ದೇ ತಡ, ಇಷ್ಟು ದಿನ ಇವನ ತಾಲೀಮಿಗೆ ಕಿಟಕಿ ಮುಚ್ಚುತ್ತಿದ್ದವರೆಲ್ಲ ಕಿಟಕಿ ತೆರೆದರು. ವಠಾರದ ಒಡತಿ ಮೆಟ್ಟಿಲಲ್ಲಿ ತಡೆದು, "ಕಲೆಯ ಬಗ್ಗೆ ರೇಡಿಯೋದಲ್ಲಿ ಬರ್ತೀರಂತೆ ಮಾಸ್ತರೆ. ನಮ್ಮನೇಲೂ ಒಂದು ಕಲೆ ಇದೆ, ನಮ್ಮತ್ತೆ ಕಾಲದಿಂದ ಬಂದದ್ದು" ಎಂದು ಗುಟ್ಟಿನಲ್ಲಿ ಹೇಳಿದಳು. ವಂಶದಲ್ಲೇ ಇದೆಯೇ ಎಂದು ಮಾಸ್ತರ ಗೌರವದಿಂದ ತಲೆದೂಗಿದ. ಎಲ್ಲಕ್ಕಿಂತ ದೊಡ್ಡ ಪವಾಡ ನಡೆದದ್ದು ಮನೆಯೊಳಗೆ. "ಕಲೆಯ ಬಗ್ಗೆನಾ? ನೀವಾ?" ಎಂದು ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಹಾಗಾದ್ರೆ ಖಂಡಿತ ಕೇಳ್ತೀನಿ ರೀ. ಕೂತು ಪೂರ್ತಿ ಕೇಳ್ತೀನಿ." ಆ ಮಾತು ಕೇಳಿದಾಗಿನಿಂದಲೇ ಮಾಸ್ತರನಿಗೆ ನಿದ್ದೆ ಕೆಟ್ಟದ್ದು, ದಿಂಬಿನ ಜೊತೆ ಗುದ್ದಾಟ ಶುರುವಾದದ್ದು.

ಈಗ ಭುಜ. ಅವನು ಹಲ್ಲುಜ್ಜುವ ಬ್ರಷ್ಷನ್ನು ಎಡಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದುದನ್ನು ಮಹಡಿಯ ಪೈಲ್ವಾನ ನೋಡಿದ. ಗರಡಿ ಬಿಟ್ಟು ಎಷ್ಟೋ ಕಾಲವಾದರೂ ಊರಿನವರ ಕೀಲುಗಳ ಮೇಲೆ ತನ್ನ ಹಕ್ಕು ಬಿಟ್ಟವನಲ್ಲ.

"ಏನಿಲ್ಲ, ನರದ ಮೇಲೆ ನರ ಏರಿದೆ. ಒಂದೇ ಎಳೆತ. ನೀವು ಬೇರೆ ಏನಾದ್ರೂ ಯೋಚನೆ ಮಾಡ್ತಿರಿ."

"ಬೇಡ ಬಿಡಿ, ಹಾಗೇ ಬಿಟ್ಟುಹೋಗುತ್ತೆ," ಎಂದ ಮಾಸ್ತರ.

"ರೇಡಿಯೋಗೆ ಹೋಗೋರು ಹೀಗೆ ಓರೆಯಾಗಿ ಹೋದ್ರೆ ವಠಾರದ ಮರ್ಯಾದೆ ಏನಾಗ್ಬೇಕು?" ಎನ್ನುತ್ತಲೇ ಪೈಲ್ವಾನ ಕೈ ಹಿಡಿದು ಎಳೆದ. ಎಲ್ಲೋ ಟಕ್ ಎಂದಿತು. ಆ ಸದ್ದನ್ನು ಮಾಸ್ತರ ಬೇರೆ ಹೊತ್ತಿನಲ್ಲಾಗಿದ್ದರೆ ಮೆಚ್ಚುತ್ತಿದ್ದ. ಈಗ ಮಾತ್ರ ಅವನು ನೆಲದ ಮೇಲೆ ಕೂತುಬಿಟ್ಟ.

ಕೂಗು ಕೇಳಿ ಒಡತಿ ಬಿಸಿನೀರಿನ ಚೀಲ ತಂದಳು. "ಇದನ್ನ ಇಟ್ಕೊಳ್ಳಿ, ನಮ್ಮೆಜಮಾನ್ರಿಗೆ ಸೊಂಟ ಹಿಡಿದಾಗ ಇದೇ ಎತ್ತಿ ನಿಲ್ಸಿದ್ದು" ಎಂದು ಅವನ ಎಡಗೈಗೆ ಕೊಟ್ಟಳು. ಚೀಲದ ಬಿರಡೆ ಸರಿಯಾಗಿ ಕೂತಿರಲಿಲ್ಲ. ನೀರೆಲ್ಲ ಎಡ ಅಂಗೈ ಮೇಲೆ ಬಿತ್ತು. ಪಕ್ಕದ ಬೀದಿಯ ಕಾಂಪೌಂಡರ್ ಬಂದು ನೋಡಿ, ಇಬ್ಬರನ್ನೂ ಬೈದು, ಬಲಗೈಯನ್ನು ಎದೆಗೆ ಕಟ್ಟಿಹಾಕಿದ. ಎಡಗೈಗೆ ಮುಲಾಮು ಬಳಿದು ಬಟ್ಟೆ ಸುತ್ತಿದ. ಕೆಲಸ ಮುಗಿಯುವ ಹೊತ್ತಿಗೆ ಮಾಸ್ತರನಲ್ಲಿ ಅಲ್ಲಾಡುವ ಭಾಗ ಎಂದು ಉಳಿದದ್ದು ತಲೆಯೊಂದೇ.

"ಎರಡು ದಿನ ಕೈ ಆಡಿಸ್ಬೇಡಿ," ಎಂದ ಕಾಂಪೌಂಡರ್.

"ಇವತ್ತು ಮಧ್ಯಾಹ್ನ ನಾನು ಕೈ ಆಡಿಸ್ಲೇಬೇಕು ಮಾರಾಯ. ಇಷ್ಟು ವರ್ಷ ಆಡಿಸಿದ್ದೆಲ್ಲಾ ಇವತ್ತಿಗೋಸ್ಕರ," ಎಂದ ಮಾಸ್ತರ. ಅವನ ಕಣ್ಣಲ್ಲಿ ನೀರಿತ್ತು. ಸುತ್ತ ನಿಂತವರು ನೋವಿಗೆ ಅಂದುಕೊಂಡರು.

ಲಾಂಡ್ರಿಯ ವ್ಯಾನು ಬಂತು. ಒಳಗೆ ಒಗೆಯದ ಹೊದಿಕೆಗಳ ಮೂಟೆಗಳ ನಡುವೆ ತೊಟ್ಟಿ, ಡ್ರಮ್ಮು, ಕೊಳವೆಗಳನ್ನು ಅಪ್ಪಿಕೊಂಡು ಬ್ಯಾಂಡಿನವರು ಕೂತಿದ್ದರು. ಮಾಸ್ತರನ ಕಟ್ಟುಗಳನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಕೊನೆಗೆ ಇಸ್ತ್ರಿಯವನು, "ಕೈ ಇಲ್ದಿದ್ರೆ ಏನಾಯ್ತು, ಬಾಯಿದೆಯಲ್ಲ. ತಾಲೀಮಲ್ಲಿ ಹೇಳೋ ಹಾಗೆ ಬಾಯಲ್ಲೇ ಹೇಳ್ಬಿಡಿ" ಎಂದ.

"ಬಾಯಲ್ಲಿ ಹೇಳಿದ್ರೆ ಸಂಗೀತದ ಮಧ್ಯೆ ಮಾತು ಬರುತ್ತಲ್ಲೋ."

"ಬರ್ಲಿ ಬಿಡಪ್ಪ," ಎಂದಳು ಮಡಿಸುವ ಅಕ್ಕ. "ನಮ್ಮ ಸಂಗೀತದಲ್ಲಿ ಏನೇನೋ ಬರುತ್ತೆ. ಎರಡು ಮಾತು ಬಂದ್ರೆ ಏನು ಮುಳುಗಿಹೋಗುತ್ತೆ?"

ರೇಡಿಯೋ ನಿಲಯದಲ್ಲಿ ಕಾರ್ಯಕ್ರಮದ ಮೇಡಂ ಬಾಗಿಲಲ್ಲೇ ಕಾದಿದ್ದರು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದ ಹೆಂಗಸು. ಮಾಸ್ತರನ ಕಟ್ಟುಗಳನ್ನು ನೋಡಿ ಅಯ್ಯೋ ಅಂದರು, ತೊಟ್ಟಿಯನ್ನೂ ಹಲಗೆಯನ್ನೂ ನೋಡಿ ಅರಳಿದರು. "ಸಾಮಾನೆಲ್ಲಾ ತಂದಿದೀರಾ? ರೇಡಿಯೋದಲ್ಲಿ ಕಾಣಿಸೋದಿಲ್ಲ ಅಂತ ಜನ ಬರೀ ಬಾಯಿಮಾತು ಹೇಳಿ ಹೋಗ್ಬಿಡ್ತಾರೆ. ನೀವು ಮಾಡಿ ತೋರಿಸ್ತೀರಿ, ಅಲ್ವಾ?"

"ಮಾಡದೆ ಹೇಗೆ ತೋರ್ಸೋದು ಮೇಡಂ? ಕಲೆ ಮಾತಲ್ಲಿ ಹೇಳೋದಲ್ಲ."

"ಇದೇನು?" ಎಂದು ಮೇಡಂ ತುತ್ತೂರಿ ತೋರಿಸಿದರು.

"ಅದು ಹಬೆ," ಎಂದ ಮಾಸ್ತರ. ಅವನ ಸಂಗೀತದಲ್ಲಿ ಅದು ಹಬೆಯೇ. ಮೇಡಂ ಬೆರಗಾಗಿ, "ಎಷ್ಟು ತಲೆ ಓಡಿಸಿದೀರಿ" ಎಂದರು. ಮಾಸ್ತರನ ಬದುಕಿನಲ್ಲಿ ಹೀಗೆಂದವರು ಯಾರೂ ಇರಲಿಲ್ಲ. ಅವನಿಗೆ ಭುಜದ ನೋವು ಮರೆತೇಹೋಯಿತು.

ಸ್ಟುಡಿಯೋದ ಒಳಗೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಯಲ್ಲಿ ಹಿಡಿಯಲಾಗದೆಂದು ಮೈಕನ್ನು ಬಾಯಿಯ ಹತ್ತಿರಕ್ಕೇ ತಂದು ನಿಲ್ಲಿಸಿದರು. ಬ್ಯಾಂಡಿನವರು ಹಿಂದೆ ಗೋಡೆಯ ಬಳಿ ಕೂತರು. ಗಾಜಿನಾಚೆ ಯಾರೋ ಏನೋ ಓದಿದರು, ಈಚೆಗೆ ಕೇಳಿಸಲಿಲ್ಲ. ಕೆಂಪು ದೀಪ ಹತ್ತಿತು. ಪಕ್ಕದಲ್ಲಿ ಕೂತ ಮೇಡಂ ಮೈಕಿಗೆ ಬಾಗಿ ಜೇನಿನಂಥ ದನಿಯಲ್ಲಿ ಕೇಳಿದರು: "ಈ ಕಲೆಯ ಜೊತೆ ನಿಮ್ಮ ಒಡನಾಟ ಎಷ್ಟು ಕಾಲದ್ದು?"

"ಬುದ್ಧಿ ಬಂದಾಗಿನಿಂದ. ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಮಾಡಿ ಮಾಡಿ ಕಲಿತೆ. ನಮ್ಮ ಲಾಂಡ್ರಿಯ ಯಜಮಾನರಿಗೆ ನಾನು ಋಣಿ" ಎಂದು ಲಾಂಡ್ರಿಯ ಹೆಸರು ಹೇಳಿದ.

"ಹಳೇ ಕಲೆಯ ಬಗ್ಗೆ ನಮ್ಮ ಕೇಳುಗರು ಬಹಳ ಕೇಳ್ತಿರ್ತಾರೆ. ಅದಕ್ಕೇನು ಮಾಡ್ಬೇಕು?"

ಮಾಸ್ತರನ ಒಳಗೆ ಎಷ್ಟೋ ವರ್ಷದಿಂದ ಮುಚ್ಚಿಟ್ಟಿದ್ದ ಮುಚ್ಚಳ ಹಾರಿತು. "ಹೋಗ್ಬೇಕು ಮೇಡಂ. ಹಳೇ ಕಲೆ ಅಷ್ಟೂ ಹೋಗ್ಬೇಕು. ಜನಕ್ಕೆ ಅದು ಒಗ್ಗಿಹೋಗಿದೆ. ಅಜ್ಜನ ಕಾಲದ್ದು, ಇದ್ರೆ ಇರ್ಲಿ ಬಿಡು ಅಂತಾರೆ. ಹಾಗೆ ಬಿಡಬಾರದು. ಬೇರು ಸಮೇತ ತೆಗೀಬೇಕು."

"ಅಷ್ಟು ಸುಲಭಾನಾ?"

"ಸುಲಭ ಅಲ್ಲ. ಮೆತ್ತಗೆ ಹೋದ್ರೆ ಆಗೋದೇ ಇಲ್ಲ. ಮಧ್ಯದಲ್ಲಿ ಎಲ್ಲಾ ಹಾಳಾಗಿಹೋಯ್ತು ಅನ್ಸುತ್ತೆ. ಅನ್ಸಲಿ. ಹೆದರಿ ನಿಲ್ಲಿಸಿದೋರೇ ಕೆಟ್ಟರು. ಕೊನೇವರೆಗೂ ಹೋಗ್ಬೇಕು."

"ಕೇಳಿದ್ರಲ್ಲ," ಎಂದರು ಮೇಡಂ ಮೈಕಿಗೆ. "ಕೊನೇವರೆಗೂ ನಮ್ಮ ಜೊತೆ ಇರಿ. ಈಗ ಮಾಡಿ ತೋರಿಸ್ತಾರೆ."

ಮಾಸ್ತರ ಕಣ್ಣು ಮುಚ್ಚಿದ. ಅವನ ಜೀವಮಾನದ ಕೃತಿಯ ಹೆಸರು 'ಬಿಳುಪು'. ಅದನ್ನು ಅವನು ಬಾಯಿ ಬಿಟ್ಟು ಹೇಳಿದ, "ಬಿಳುಪು", ಆಮೇಲೆ ಮೆಲ್ಲಗೆ, ಮಗುವನ್ನು ಮಲಗಿಸುವವನ ಹಾಗೆ, "ನೆನೆಸು" ಎಂದ. ಹಿಂದಿನಿಂದ ತುತ್ತೂರಿ ಒಂದೇ ಸ್ವರದಲ್ಲಿ ಎದ್ದಿತು, ಡ್ರಮ್ಮು ಅದರಡಿಗೆ ನೀರಿನಂತೆ ಹರಡಿತು. "ಇನ್ನೂ ನೆನೆಸು. ಅವಸರ ಬೇಡ." ತೊಟ್ಟಿಯ ಅಂಚಿನ ಮೇಲೆ ಅಕ್ಕನ ಬೆರಳು ಸುತ್ತತೊಡಗಿತು. "ಈಗ ಉಜ್ಜು. ಬಿಡ್ಬೇಡ, ಉಜ್ಜು. ಅಂಚಿಂದ ಮಧ್ಯಕ್ಕೆ ಬಾ."

ಅವರು ಅಂದು ನುಡಿಸಿದ ಹಾಗೆ ಎಂದೂ ನುಡಿಸಿರಲಿಲ್ಲ. ಸನ್ನೆ ನೋಡುವ ಕೆಲಸವಿಲ್ಲದ್ದರಿಂದ ಎಲ್ಲರೂ ಕಣ್ಣು ಮುಚ್ಚಿ ಬರೀ ಅವನ ದನಿ ಹಿಡಿದು ನಡೆದರು. ಒಂದು ಸದ್ದು ಮುಗಿಯುವ ಮೊದಲೇ ಇನ್ನೊಂದು ಅದರ ಹೆಗಲೇರುತ್ತಿತ್ತು. ಶೆಡ್ಡಿನಲ್ಲಿ ಬಾಲ್ಯದಲ್ಲಿ ಕೇಳಿದ ಆ ಎಂದೂ ಒಂದೇ ಥರ ಬೀಳದ ಏಟು ಕೊನೆಗೂ ಮನುಷ್ಯರ ಕೈಯಲ್ಲಿ ಬಂದಿತ್ತು. "ಹಿಂಡು," ಎಂದು ಮಾಸ್ತರ ಗೋಗರೆದ, ಇಸ್ತ್ರಿಯವನ ಮುಖ ಕಡುಗೆಂಪಾಯಿತು. "ಈಗ ಕುದಿಸು. ಇನ್ನೂ ಕುದಿಸು. ಹೆದರ್ಬೇಡ, ಕುದಿಸು." ಸ್ಟುಡಿಯೋದ ಗಾಜು ನಡುಗಿತು. ಮೇಡಂ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದನ್ನು ಅವನ ಬಾಯಿಯ ಕಡೆ ಹಿಡಿದಿದ್ದರು. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲು ಮಾಸ್ತರನಿಗೆ ಕೈ ಇರಲಿಲ್ಲ. "ಸಾಕು. ಕೊಡವು," ಎಂದ. ನಾಲ್ಕೂ ದಿಕ್ಕಿನಿಂದ ಒಂದೇ ಏಟು ಬಿದ್ದು ಎಲ್ಲ ನಿಂತಿತು. ಕೆಂಪು ದೀಪ ಆರಿತು.

ಗಾಜಿನಾಚೆ ಫೋನುಗಳು ಬಡಿದುಕೊಳ್ಳುತ್ತಿದ್ದುದು ಆಗ ಅವನ ಕಣ್ಣಿಗೆ ಬಿತ್ತು. ಒಬ್ಬ ಒಂದನ್ನು ಕಿವಿಗಿಟ್ಟು ಇನ್ನೊಂದನ್ನು ಹೆಗಲಲ್ಲಿ ಒತ್ತಿಕೊಂಡಿದ್ದ. ಮೇಡಂ ಹೊರಗೆ ಹೋಗಿ ಓಡುತ್ತಲೇ ಒಳಗೆ ಬಂದರು.

"ಇಂಥಾದ್ದು ನಮ್ಮಲ್ಲಿ ಆಗೇ ಇಲ್ಲ. ಬರ್ತಾನೇ ಇದೆ ಫೋನು. ಎಲ್ಲರೂ ಕೊನೇವರೆಗೂ ಕೇಳಿದಾರೆ. ಮಧ್ಯೆ ಒಂದು ಸಾಲು ತಪ್ಪಿಹೋಯ್ತು, ಇನ್ನೊಂದ್ಸಲ ಹಾಕಿ ಅಂತ ಅಂಗಲಾಚ್ತಿದಾರೆ. ಮುಂದಿನ ವಾರವೂ ನೀವು ಬರ್ಲೇಬೇಕು."

"ಎಲ್ಲರೂ ಬರ್ತೀವಿ ಮೇಡಂ," ಎಂದ ಮಾಸ್ತರ.

"ಇಲ್ಲಾ, ನೀವೊಬ್ಬರೇ ಬಂದ್ರೂ ಸಾಕು," ಎಂದರು ಮೇಡಂ.

ವ್ಯಾನಿನಲ್ಲಿ ಅವನು ಆ ಮಾತನ್ನು ಬ್ಯಾಂಡಿನವರಿಗೆ ಹೇಳಲಿಲ್ಲ. ತಾನೊಬ್ಬನೇ ಮೇಲೇರಿದರೆ ಇವರಿಗೆ ನೋವಾದೀತು ಎಂದು ಮರುಗಿದ. ಮೂಟೆಗೆ ಒರಗಿ ಕೂತು, ಈಗ ಹೆಂಡತಿ ಏನೆನ್ನಬಹುದು ಎಂದು ನೂರು ಥರ ಊಹಿಸಿದ. ಏನೂ ಅನ್ನದಿದ್ದರೂ ಸರಿ, ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು. ಅವಳು ಕೇಳಿದ್ದಾಳೆ. ಇಷ್ಟು ವರ್ಷ ತನ್ನ ತಲೆಯೊಳಗೆ ಏನು ನಡೆದಿತ್ತು ಎಂಬುದು ಅವಳಿಗೆ ಈಗ ಗೊತ್ತು.

ವಠಾರದ ತಿರುವಿನಲ್ಲಿ ವ್ಯಾನು ಇಳಿದವನು ನಿಂತುಬಿಟ್ಟ. ಕಟ್ಟಿದ ಹಗ್ಗ, ಕಿಟಕಿಯ ಸರಳು, ಗೇಟು, ಸೈಕಲ್ಲಿನ ಹ್ಯಾಂಡಲ್ಲು, ಎಲ್ಲಿ ನೋಡಿದರೂ ಒದ್ದೆ ಬಟ್ಟೆ. ಬೀದಿ ತುಂಬ ಬಣ್ಣ ಬಣ್ಣದ ನೀರು ಹರಿಯುತ್ತಿತ್ತು. ಅವನನ್ನು ಕಂಡದ್ದೇ ಜನ ಮನೆಗಳಿಂದ ಹೊರಗೆ ಬಂದರು. ಎಲ್ಲರ ಕೈಯಲ್ಲೂ ಏನೋ ಇತ್ತು. ಹೂವಿರಬಹುದು ಎಂದು ಒಂದು ಗಳಿಗೆ ಅವನಿಗೆ ಅನಿಸಿದ್ದು ಸುಳ್ಳಲ್ಲ.

ಮೊದಲು ಬಂದವನು ಪೈಲ್ವಾನ. ಅವನ ಕೈಯಲ್ಲಿದ್ದದ್ದು ಉಣ್ಣೆಯ ಕೋಟು. ಬೆಳಿಗ್ಗೆಯವರೆಗೆ ಪೈಲ್ವಾನನದೇ ಆಗಿದ್ದ ಅದು ಈಗ ಯಾವುದಾದರೂ ಬೊಂಬೆಗೆ ಆಗುವಂತಿತ್ತು.

"ನೀವು ಕುದಿಸು ಅಂದ್ರಿ, ಕುದಿಸ್ದೆ. ಇದೇನೋ ಕುಗ್ತಾ ಇದೆಯಲ್ಲಾ ಅಂತ ನಾನು ಒಂದ್ಸಲ ಇಳಿಸಿದ್ದೆ. ನೀವು ಅಲ್ಲಿಂದ 'ಹೆದರ್ಬೇಡ, ಕುದಿಸು' ಅಂದ್ರಿ. ನೋಡಿದೋರ ಹಾಗೆ ಹೇಳ್ತಾರಲ್ಲಾ ಅಂತ ಮತ್ತೆ ಇಟ್ಟೆ."

ಮಾಸ್ತರನಿಗೆ ಏನೂ ತಿಳಿಯಲಿಲ್ಲ. "ಕೋಟನ್ನ ಯಾಕೆ ಕುದಿಸಿದ್ರಿ?"

"ಕಾಲರ್ ಮೇಲೆ ಎಣ್ಣೆ ಕಲೆ ಇತ್ತಲ್ಲ ಮತ್ತೆ."

ಒಡತಿ ಮೇಜಿನ ಹಾಸನ್ನು ಬಿಡಿಸಿ ಹಿಡಿದಳು. ಅದರ ಅಂಚಿಗೆ ಹೆಣೆದಿದ್ದ ಕೆಂಪು ಗುಲಾಬಿಗಳೆಲ್ಲ ಕರಗಿ ಹಾಸಿನ ತುಂಬ ಹಬ್ಬಿದ್ದವು. ನಟ್ಟ ನಡುವೆ ಒಂದು ಕಂದು ಗುರುತು ಮಾತ್ರ ಕದಲದೆ ಕೂತಿತ್ತು. "ನೋಡಿ, ನಮ್ಮತ್ತೆ ಕಾಲದ ಕಲೆ ಹಾಗೇ ಇದೆ, ಹೂವೆಲ್ಲಾ ಹೋಯ್ತು. ಅಂಚಿಂದ ಮಧ್ಯಕ್ಕೆ ಬಾ ಅಂದ್ರಿ, ಹಾಗೇ ಉಜ್ಜಿದೆ. ಹಾಳಾದ್ರೂ ನಿಲ್ಲಿಸ್ಬೇಡಿ ಅಂದ್ರಿ, ನಿಲ್ಲಿಸ್ಲಿಲ್ಲ. ಬಟ್ಟೆ ಕಲೆ ತೆಗೆಯೋ ಕಾರ್ಯಕ್ರಮದಲ್ಲಿ ಹೀಗಾ ಹೇಳ್ಕೊಡೋದು?"

ಎರಡೇ ಅಕ್ಷರದ ಪದ. ಅದಕ್ಕೆ ಎರಡು ಅರ್ಥವಿದೆ ಎಂಬುದು ಎಲ್ಲರಿಗೂ ಗೊತ್ತು. ಯಜಮಾನರಿಗೆ ಗೊತ್ತಿತ್ತು, ಮೇಡಂಗೆ ಗೊತ್ತಿತ್ತು, ವಠಾರಕ್ಕೆಲ್ಲ ಗೊತ್ತಿತ್ತು. ಒಂದು ಅರ್ಥದ ನಡುವೆಯೇ ದಿನವೆಲ್ಲ ಮೊಣಕಾಲವರೆಗೆ ಮುಳುಗಿ ನಿಂತು ಕೂಳು ಸಂಪಾದಿಸುವ ಮನುಷ್ಯನೊಬ್ಬನಿಗೆ ಮಾತ್ರ ಆ ಪದ ಕಿವಿಗೆ ಬಿದ್ದರೆ ಇನ್ನೊಂದೇ ನೆನಪಾಗುತ್ತಿತ್ತು. ಮಾಸ್ತರ ಗೇಟಿಗೆ ಒರಗಿಕೊಂಡ. ಹಾಗಾದರೆ ಫೋನು ಮಾಡಿದವರು ಕೇಳಿದ ತಪ್ಪಿಹೋದ ಸಾಲು ಯಾವುದೆಂದು ಅವನಿಗೆ ಈಗ ಹೊಳೆಯಿತು. ಉಜ್ಜುವುದೋ ಹಿಂಡುವುದೋ ಇರಬೇಕು.

ಊರು ಅವನನ್ನು ಕೊನೆಯವರೆಗೂ ಕೇಳಿತ್ತು. ಒಂದಕ್ಷರ ಬಿಡದೆ ಕೇಳಿತ್ತು. ಅವನ ಮಾತಿಗೆ ಅವನ ಬ್ಯಾಂಡಿನವರಿಗಿಂತ ನಿಯತ್ತಿನಿಂದ ನಡೆದುಕೊಂಡಿತ್ತು. ನಗಬೇಕೆನಿಸಿತು, ಆದರೆ ನಕ್ಕರೆ ಭುಜ ನೋಯುತ್ತಿತ್ತು. ಹಾಳಾದ ಕೋಟು, ಮೇಜಿನ ಹಾಸು, ಮಿಕ್ಕ ಎಲ್ಲಕ್ಕೂ ಏನಾದರೂ ಮಾಡುವೆನೆಂದು ಎಲ್ಲರೆದುರೂ ತಲೆಬಾಗಿ ಒಪ್ಪಿಕೊಂಡು, ಬೈಗುಳವನ್ನೆಲ್ಲ ಬೆನ್ನಿಗೆ ಬಿಟ್ಟು ಮನೆಯ ಬಾಗಿಲಿಗೆ ಬಂದ.

ಒಳಗೆ ಒಂದೇ ಒಂದು ಬಟ್ಟೆಯೂ ನೆನೆದಿರಲಿಲ್ಲ. ಒಲೆ ಆರಿತ್ತು. ಹೆಂಡತಿ ರೇಡಿಯೋ ಮುಂದೆ ಕೂತಿದ್ದವಳು ಎದ್ದಳು. ಬೆಳಿಗ್ಗೆ ಉಟ್ಟಿದ್ದನ್ನು ಬದಲಿಸಿ ಒಳ್ಳೆಯ ಸೀರೆ ಉಟ್ಟಿದ್ದಳು. ಇವಳೊಬ್ಬಳು ಕಲೆ ತೆಗೆಯಲು ಹೋಗಲಿಲ್ಲ, ಬರೀ ಕೇಳಿದ್ದಾಳೆ ಎಂಬುದು ಅವನ ಗಮನಕ್ಕೆ ಬಂದು ಎದೆ ಒಮ್ಮೆ ಹಾರಿತು.

"ಕೊನೇವರೆಗೂ ಕೇಳ್ದೆಯಾ?"

"ಕೇಳ್ದೆ ರೀ. ಬಾಗಿಲು ಹಾಕ್ಕೊಂಡು ಕೂತು ಕೇಳ್ದೆ. ಎಲ್ಲಾ ಬಟ್ಟೆ ಹಿಡ್ಕೊಂಡು ಓಡಾಡ್ತಿದ್ರು. ನಾನು ಅಲ್ಲಾಡ್ಲಿಲ್ಲ." ಅವಳು ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು. "ನಿಮ್ಮ ದನಿ ಅಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನೆನೆಸು ಅಂದ್ರಲ್ಲ, ಆಗ ನಂಗೆ ಅಳುವೇ ಬಂತು. ಇಷ್ಟು ವರ್ಷ ಆದ್ಮೇಲೆ ನಿಮ್ಮನ್ನ ನಾಲ್ಕು ಜನ ಕೇಳೋ ಹಾಗಾಯ್ತಲ್ಲಾ ಅಂತ."

ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಒಂದೇ ಒಂದು ರೀ. ಹಿಂದ್ಗಡೆ ಅದೇನು ಅಂಥಾ ಗದ್ದಲ? ಪಕ್ಕದಲ್ಲಿ ಕಟ್ಟಡ ಏನಾದ್ರೂ ಕೆಡವ್ತಿದ್ರಾ?"

ಅವನು ಅವಳ ಮುಖ ನೋಡಿದ. ಆ ಮುಖದಲ್ಲಿ ಚೂರೂ ಕುಹಕವಿರಲಿಲ್ಲ. ಹೆಮ್ಮೆಯಿತ್ತು, ಅವನಿಗಾಗಿ ಸಣ್ಣ ಕಾಳಜಿಯಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಅವನನ್ನು ನೋಡಿದ್ದು ಇದೇ ಮೊದಲು.

"ಹೂಂ," ಎಂದ. "ಕೆಡವ್ತಿದ್ರು."

"ಮುಂದಿನ ವಾರ ನೀವು ಮಾತಾಡೋ ಅಷ್ಟು ಹೊತ್ತು ನಿಲ್ಲಿಸಿ ಅಂತ ಅವರಿಗೆ ಹೇಳ್ಬಿಡಿ. ಪಾಪ, ಕೇಳೋರಿಗೆ ತೊಂದ್ರೆ."

"ಹೇಳ್ತೀನಿ," ಎಂದ ಮಾಸ್ತರ.